ಜೋಡಿ ಬಂದೂಕು, ಒಂದು ಕಣ್ಣು

ನನ್ನ ಗಂಡ ಅಜ್ಜಪ್ಪನವರು ನಮ್ಮ ಕಣದಲ್ಲಿ ಮೊದಲ ಸಲ ಬಂದೂಕು ಹಿಡಿದು ಅಂಗಾತ ಮಲಗಿದ ದಿನ ನಮ್ಮತ್ತೆ ಫಕ್ಕೀರವ್ವ ಬಾಯಿ ಬಡಿದುಕೊಂಡು ಓಡಿ ಬಂದಳು. ಮಗನಿಗೆ ಲಕ್ವ ಹೊಡೆಯಿತೆಂದೇ ಆಕೆ ತಿಳಿದದ್ದು. ಹತ್ತಿರ ಬಂದು ನೋಡಿದರೆ ಮಗ ಗುಂಡುಕಲ್ಲಿನ ಹಾಗಿದ್ದರು. ತಲೆಯ ಕೆಳಗೆ ಗೋವಿನಜೋಳದ ಚೀಲ, ಕಾಲಿನ ಮೇಲೆ ಕಾಲು, ಆ ಕಾಲಿನ ಮೇಲೆ ಮೂರು ಮೊಳದ ಖಾಲಿ ಬಂದೂಕು, ಎರಡೂ ಅಂಗಾಲು ನೆಟ್ಟಗೆ ಹೆತ್ತ ತಾಯಿಯ ಮುಖಕ್ಕೆ. ಇದಕ್ಕಿಂತ ಲಕ್ವ ಹೊಡೆದಿದ್ದರೇ ಚೆನ್ನಾಗಿತ್ತು ಎಂದು ಅತ್ತೆ ತಿಳವಳ್ಳಿಯ ತುಂಬ ಹೇಳಿಕೊಂಡು ಬಂದಳು.

ಗಂಡನ ಹೆಸರನ್ನು ನಾನು ಬಾಯಲ್ಲಿ ಹೇಳುವವಳಲ್ಲ. ಬರೆಯುವುದಕ್ಕೆ ಅಡ್ಡಿಯಿಲ್ಲವೆಂದು ಒಂದು ಸಲ ಬರೆದಿದ್ದೇನೆ, ಇನ್ನು ಮುಂದೆ 'ನಮ್ಮವರು' ಎಂದರೆ ಅವರೇ.

ನಮ್ಮ ಕಡೆ ಹೊಲಗದ್ದೆ ಇದ್ದವರ ಮನೆಯಲ್ಲಿ ಹಂದಿ ಓಡಿಸಲು ಒಂದು ಬಂದೂಕು ಇರುವುದು ಹೊಸದೇನಲ್ಲ. ನಮ್ಮವರು ಕೂಡಿಹಾಕುತ್ತಿದ್ದದ್ದು ಬೇರೆ ಕುಲದವು. ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಬರೀ ಗುರಿಪಂದ್ಯಕ್ಕೆಂದೇ ಮಾಡಿದ ರೈಫಲುಗಳು ಅವು. ಒಂದು ಸಲಕ್ಕೆ ಒಂದೇ ಗುಂಡು, ಅದೂ ಸಾವಿರ ಗಜ ದೂರದ ಹಲಗೆಗೆ. ಹಂದಿ ನಮ್ಮ ಗದ್ದೆಯಲ್ಲಿದ್ದರೆ ಗುಂಡು ಹಾನಗಲ್ಲಿನ ಹಾದಿ ಹಿಡಿದಿರುತ್ತಿತ್ತು. ಇಂಥವು ನಮ್ಮ ಸೀಮೆಗೆ ಹೇಗೆ ಬಂದವೋ, ಎಲ್ಲೆಲ್ಲಿ ಅಡಗಿದ್ದವೋ, ನಮ್ಮವರ ಮೂಗಿಗೆ ಮಾತ್ರ ವಾಸನೆ ಬಡಿಯುತ್ತಿತ್ತು. ಸವಣೂರಿನ ಒಂದು ಮನೆಯಲ್ಲಿ ಒಂದು ಪರದೆಯ ಕೋಲಾಗಿತ್ತು. ಹಾನಗಲ್ಲಿನಲ್ಲಿ ಇನ್ನೊಂದು ಮಲ್ಲಿಗೆ ಬಳ್ಳಿಗೆ ಆಸರೆಯಾಗಿತ್ತು. ಶಿಗ್ಗಾಂವಿಯಲ್ಲಿ ಮತ್ತೊಂದನ್ನು ದನದ ಕೊಟ್ಟಿಗೆಯ ಬಾಗಿಲಿಗೆ ಅಗುಳಿ ಮಾಡಿದ್ದರು. ಅದಕ್ಕೆ ಬದಲಾಗಿ ನಮ್ಮವರು ಸಾಗವಾನಿಯ ಹೊಸ ಅಗುಳಿ ಮಾಡಿಸಿ ತಲೆಯ ಮೇಲೆ ಹೊತ್ತುಕೊಂಡು ಹೋಗಿ ಕೊಟ್ಟು ಬಂದರು. ಒಂದೊಂದರ ಲೈಸೆನ್ಸಿಗೂ ಧಾರವಾಡಕ್ಕೆ ಅಲೆದು ಚಪ್ಪಲಿ ಸವೆಸಿದರು. ನಾನು ತವರಿನಿಂದ ತಂದ ಬೀರುವಿನಲ್ಲಿ ಸೀರೆಗೆ ಜಾಗವಿಲ್ಲದಂತಾಯಿತು.

ಇನ್ನು ಅಂಗಾತ ಮಲಗುವ ವಿಷಯ. ಇಂಥ ಬಂದೂಕನ್ನು ನೆಲಕ್ಕೆ ಬೋರಲು ಮಲಗಿ ಹೊಡೆಯುವುದು ಸಾಮಾನ್ಯ ಪದ್ಧತಿ. ನಮ್ಮವರ ಎದೆಯ ಮೇಲೆ ಇಷ್ಟಲಿಂಗದ ಕರಡಿಗೆ ಇದೆ. ಲಿಂಗವನ್ನು ಮಣ್ಣಿಗೊತ್ತಿ ಅದರ ಮೇಲೆ ಮಲಗುವ ಮಾತನ್ನು ಅವರು ಕನಸಿನಲ್ಲೂ ಎತ್ತುವವರಲ್ಲ. ಇಂಗ್ಲೆಂಡಿನವರೂ ಕೆಲವರು ಅಂಗಾತ ಮಲಗಿ, ಪಾದದ ಮೇಲೆ ನಳಿಗೆ ಇಟ್ಟು ಹೊಡೆಯುತ್ತಿದ್ದರೆಂದು ಸವಣೂರಿನ ರಾಜೇಸಾಬ ಒಂದು ಹಳೆಯ ಚಿತ್ರ ತೋರಿಸಿದ ದಿನ ನಮ್ಮವರು ಉಣ್ಣುವುದನ್ನೂ ಮರೆತು ಕುಣಿದಾಡಿದರು. ಈ ರಾಜೇಸಾಬ ಬಂದೂಕು ರಿಪೇರಿ ಮಾಡುವವನು, ಬಾಯಿ ಜೋರು, ಒಂದು ಕತೆಯನ್ನು ಎರಡು ಸಲ ಒಂದೇ ರೀತಿ ಹೇಳಿದವನಲ್ಲ. ಖಾಲಿ ತೋಟಾ ತುಂಬಿಕೊಡುವವನೂ ಅವನೇ. ಗುಂಡಿಗೆ ಸವರಲು ಪ್ರಾಣಿಯ ಕೊಬ್ಬು ಬೇಕೆಂದ. ನಮ್ಮ ಮನೆಗೆ ಅದು ಹೊಸ್ತಿಲು ದಾಟಿ ಬರುವಂತಿಲ್ಲ. ಹಾಗಾಗಿ ಜೇನುಮೇಣಕ್ಕೆ ನಾನು ಕಡೆದ ಬೆಣ್ಣೆ ಕಲಸಿ ಸವರತೊಡಗಿದರು. ರೊಟ್ಟಿಗೆ ಬೆಣ್ಣೆ ಕೇಳಿದ ನೆಂಟರಿಗೆ ನಾನು ಬೀರುವಿನ ಕಡೆ ಕೈ ತೋರಿಸುತ್ತಿದ್ದೆ.

ಇಷ್ಟೆಲ್ಲ ಬಂದೂಕುಗಳ ನಡುವೆ ಮಹಾರಾಣಿ ಎಂದರೆ ಸವಣೂರಿನ ಜೋಡಿಯಲ್ಲಿ ಒಂದು. ನವಾಬರ ಕಾಲದಲ್ಲಿ ಯಾವನೋ ದೊರೆ ಅಲ್ಲಿಯ ದರ್ಬಾರಿಗೆ ಒಂದೇ ಮರದ ಹಿಡಿಯ, ಒಂದೇ ಅಚ್ಚಿನ ಎರಡು ರೈಫಲು ಉಡುಗೊರೆ ಕೊಟ್ಟಿದ್ದನಂತೆ. ಹೀಗೆಂದದ್ದು ರಾಜೇಸಾಬ, ಅದಕ್ಕೆ 'ಅಂತೆ' ಎಂದು ಬರೆದೆ. ಅದರಲ್ಲಿ ಒಂದು ಎಲೆಬಳ್ಳಿ ತೋಟದವರೊಬ್ಬರಿಂದ ನಮ್ಮವರ ಕೈ ಸೇರಿತು. ವೀಳ್ಯದೆಲೆಯ ಪೆಂಡಿಯ ನಡುವೆ ಮಲಗಿಕೊಂಡು ಬಸ್ಸಿನಲ್ಲಿ ಬಂತು. ಇನ್ನೊಂದು ಹಿರೇಕೆರೂರಿನ ಉಳಿವೆಪ್ಪನವರ ಮನೆಯಲ್ಲಿತ್ತು. ಅವರಿಗೂ ಇದೇ ಹುಚ್ಚು. ಜೋಡಿ ಕೂಡಿಸಬೇಕೆಂಬ ಆಸೆ ಇಬ್ಬರಿಗೂ ಇತ್ತು, ತಮ್ಮದನ್ನು ಬಿಟ್ಟುಕೊಡುವ ಮನಸ್ಸು ಇಬ್ಬರಿಗೂ ಇರಲಿಲ್ಲ.

ಹೀಗಾಗಿ ಹೆಣ್ಣು ಕೇಳಲು ಹೋದಂತೆ ಅವರು ಇವರ ಮನೆಗೆ, ಇವರು ಅವರ ಮನೆಗೆ ಹೋಗುವುದು ಶುರುವಾಯಿತು. ತಿಂಗಳಿಗೊಮ್ಮೆಯಾದರೂ ಬಂದು ಕೂತು ಬಂದೂಕನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಸವರಿ, ನಿಟ್ಟುಸಿರು ಬಿಟ್ಟು, ಕೇಳಿ, ಇಲ್ಲ ಅನ್ನಿಸಿಕೊಂಡು, ಊಟ ಮಾಡಿ ಹೋಗುವುದು. ಗಂಡಸರು ಬಂದರೆ ಹೆಂಗಸರೂ ಬರಬೇಕಲ್ಲ. ಉಳಿವೆಪ್ಪನವರ ಹೆಂಡತಿ ಸರೋಜವ್ವ ನನಗೆ ಸಿಕ್ಕದ್ದು ಹಾಗೆ.

ನನಗೆ ಅಕ್ಕತಂಗಿಯರಿಲ್ಲ. ಮದುವೆಯಾಗಿ ಬಂದ ಮೇಲೆ ನಗಬೇಕಾದರೂ ಅತ್ತೆಯ ಮುಖ ನೋಡಿ ನಗುತ್ತಿದ್ದೆ. ಸರೋಜಾ ಬಂದ ದಿನ ಅಡಿಗೆಮನೆಯಲ್ಲಿ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತುಬಿಡುತ್ತಿದ್ದೆವು. ಯಾಕೆ ನಕ್ಕೆವೆಂದು ಆಮೇಲೆ ನೆನಪೂ ಇರುತ್ತಿರಲಿಲ್ಲ. ಗಂಡಸರಿಗೆ ಬಂದೂಕಿನ ನೆವ, ನಮಗೆ ಗಂಡಸರ ನೆವ. ಹಿರೇಕೆರೂರಿನ ಬಸ್ಸಿನ ಹಾರನ್ನು ಕೇಳಿದರೆ ಸಾಕು, ನನ್ನ ಕೈಯಲ್ಲಿದ್ದ ಲಟ್ಟಣಿಗೆ ತಾನಾಗಿ ಬೇಗ ಓಡುತ್ತಿತ್ತು.

ಒಂದು ಮಧ್ಯಾಹ್ನ ಹೋಳಿಗೆ ಉಂಡು ಗಂಡಸರಿಬ್ಬರೂ ಪಡಸಾಲೆಯಲ್ಲಿ ಗೊರಕೆ ಹೊಡೆಯುತ್ತಿದ್ದಾಗ ಸರೋಜಾ ನನ್ನನ್ನು ಚಿವುಟಿದಳು. ಇಬ್ಬರೂ ಬಂದೂಕನ್ನು ತಲೆಕಡೆ ಒಬ್ಬರು, ಕಾಲಕಡೆ ಒಬ್ಬರು ಹಿಡಿದು ಹಿತ್ತಿಲ ಗದ್ದೆಗೆ ಸಾಗಿಸಿದೆವು. ಸೀರೆಯ ಕಚ್ಚೆ ಬಿಗಿದು ನಾನು ಅಂಗಾತ ಮಲಗಿದೆ. ಆಕಾಶ ಅಷ್ಟು ದೊಡ್ಡದಿದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಬಂದೂಕಿನ ಕುದುರೆ ಎಳೆದೆ. ಹೆಗಲಿಗೆ ಎಮ್ಮೆ ಹಾಯ್ದಂತಾಯಿತು, ಸುತ್ತ ಬರೀ ಬಿಳಿ ಹೊಗೆ, ದೂರದ ಕೆಂಪು ದಿಬ್ಬದ ಮೇಲೆ ಒಂದು ಹಿಡಿ ಧೂಳು ಎದ್ದಿತು. ಅಷ್ಟು ದೂರ ನನ್ನ ಕೈ ಮುಟ್ಟಿತಲ್ಲ ಎಂದು ಮೈ ಜುಮ್ಮೆಂದಿತು. ಸರೋಜಾ ತಾನೂ ಒಂದು ಹೊಡೆದಳು. ಗಂಡಸರು ಎದ್ದು ಓಡಿ ಬಂದಾಗ ನಾವು ರಸ್ತೆಯಲ್ಲಿ ಲಾರಿಯ ಟೈರು ಒಡೆಯಿತೆಂದೆವು. ನಮ್ಮ ಮೂಗು ಕಪ್ಪಾಗಿದ್ದದ್ದನ್ನು ಅವರು ನೋಡಲಿಲ್ಲ. ಬಂದೂಕು ಬಿಸಿಲಿಗೆ ಕಾದಿದೆ ಎಂದು ಮಾತ್ರ ಬೈದರು.

ಹೀಗೆ ಸುಖವಾಗಿ ನಡೆದಿದ್ದ ಸಂಸಾರಕ್ಕೆ ಕಲ್ಲು ಬಿದ್ದದ್ದು ೧೯೮೧ರ ಜನವರಿಯಲ್ಲಿ, ಶಿಗ್ಗಾಂವಿಯ ಖಾನಾವಳಿಯೊಂದರಲ್ಲಿ. ಇಬ್ಬರೂ ಗೋವಿನಜೋಳ ಮಾರಲು ಹೋಗಿದ್ದರಂತೆ. ಜೊತೆಗೆ ರಾಜೇಸಾಬನೂ ಕೂತಿದ್ದ. ಜೋಡಿಯಲ್ಲಿ ಹಿರಿಯದು ಯಾವುದು, ಕಿರಿಯದು ಯಾವುದು ಎಂದು ಮಾತು ಹತ್ತಿತು. ರಾಜೇಸಾಬ ಒಲೆಗೆ ಒಂದೊಂದೇ ಕಟ್ಟಿಗೆ ಇಡುತ್ತ ಹೋದ. ರೊಟ್ಟಿ ಮುಗಿಯುವುದರೊಳಗೆ ಪಂದ್ಯ ನಿಶ್ಚಯವಾಯಿತು: ಫೆಬ್ರುವರಿಯಲ್ಲಿ, ತಿಳವಳ್ಳಿಯ ಕೊಯ್ಲಾದ ಗದ್ದೆಯಲ್ಲಿ, ಸಾವಿರ ಗಜದ ಗುರಿ. ಒಂದೇ ಸುತ್ತಿನಲ್ಲಿ ಒಬ್ಬನ ಗುಂಡು ತಾಗಿ ಇನ್ನೊಬ್ಬನದು ತಪ್ಪಿದರೆ ಮುಗಿಯಿತು. ಸೋತವನು ತನ್ನ ಬಂದೂಕು ಕೊಡಬೇಕು.

ನಮ್ಮವರು ಹಲ್ಲು ಕಿರಿದುಕೊಂಡು ಬಂದು ಇದನ್ನು ಹೇಳಿದಾಗ ನನ್ನ ಕೈಯ ಲಟ್ಟಣಿಗೆ ನಿಂತಿತು. ಜೋಡಿ ಒಬ್ಬರ ಮನೆಗೆ ಸೇರಿದ ಮೇಲೆ ಬಂದು ಹೋಗುವ ನೆವ ಎಲ್ಲಿಯದು? ಗೆದ್ದವರಿಗೆ ಹೋಗುವ ಕಾರಣವಿಲ್ಲ, ಸೋತವರಿಗೆ ಬರುವ ಮುಖವಿಲ್ಲ. ಯಾರು ಗೆದ್ದರೂ ಸರೋಜಾ ನನ್ನ ಪಾಲಿಗೆ ಇಲ್ಲ.

"ಸೋತವ್ರು ಮತ್ತ ಈ ಹೊಸ್ತಿಲಾ ತುಳೀತಾರೇನ್ರಿ?" ಎಂದು ಕೇಳಿದೆ.

"ಸೋಲೂದು ಅವ್ರು. ನಾ ಯಾಕ ಚಿಂತಿ ಮಾಡ್ಲಿ?" ಎಂದರು ನಮ್ಮವರು. ಗಂಡಸರ ಬುದ್ಧಿಗೆ ಇದಕ್ಕಿಂತ ದೂರದ ಗುರಿ ಕಾಣುವುದಿಲ್ಲ.

ಮೈದಾನದ ಜಗಳ ಬೇರೆ. ನಮ್ಮವರು ಗುರುತು ಹಾಕಿದ ಕಡೆ ಮಲಗಿದರೆ ಕಾಲು ಗುಡಿಯ ಕಡೆ ಆಗುತ್ತದೆಂದು ಅತ್ತೆ ಅಡ್ಡ ನಿಂತಳು. ತಿರುಗಿಸಿದರು. ಈಗ ತಲೆ ಉತ್ತರಕ್ಕೆ ಆಯಿತು, ಹೆಣ ಮಲಗಿಸಿದಂತೆ ಮಲಗುತ್ತೀಯಾ ಎಂದಳು. ಊರ ಹಿರಿಯರು ಕೂತು, ಎದ್ದು, ಕೋಲಿನಿಂದ ನೆಲದ ಮೇಲೆ ಗೆರೆ ಎಳೆದು, ಕಡೆಗೆ ಪೂರ್ವಕ್ಕೆ ತಲೆ, ಪಶ್ಚಿಮದ ಕೆಂಪು ದಿಬ್ಬದ ಕಡೆಗೆ ಕಾಲು ಎಂದು ತೀರ್ಮಾನ ಮಾಡಿದರು. ಬೆಳಗಿನ ಸೂರ್ಯ ತಲೆಯ ಹಿಂದಾಗಿ ಗುರಿ ಕನ್ನಡಿಯಂತೆ ಕಂಡಿತು. ಅತ್ತೆ ಅದನ್ನೂ ತನ್ನ ಲೆಕ್ಕಕ್ಕೇ ಬರೆದುಕೊಂಡಳು.

ಈಗ ಕಣ್ಣಿನ ಕತೆ ಹೇಳಬೇಕು. ಇಂಥ ಬಂದೂಕಿನ ಹಿಡಿಯ ತುದಿಗೆ, ಹೊಡೆಯುವವನ ಮುಖದ ಹತ್ತಿರ, ಗೇಣುದ್ದದ ಪುಟ್ಟ ಏಣಿಯೊಂದು ನಿಲ್ಲುತ್ತದೆ. ಅದರ ಮೇಲೆ ಸಣ್ಣ ತೂತಿರುವ ಬಿಲ್ಲೆಯೊಂದು ಮೇಲೆ ಕೆಳಗೆ ಸರಿಯುತ್ತದೆ. ದೂರಕ್ಕೆ ತಕ್ಕಂತೆ ಎಷ್ಟು ಏರಿಸಬೇಕೆಂದು ಏಣಿಯ ಪಕ್ಕದ ತೆಳು ಪಟ್ಟಿಯ ಮೇಲೆ ಕೂದಲೆಳೆಯಂಥ ಗೆರೆ, ಅಂಕಿ. ನಾವು ಇದನ್ನು ಕಣ್ಣು ಎನ್ನುತ್ತಿದ್ದೆವು. ಇದಿಲ್ಲದಿದ್ದರೆ ಸಾವಿರ ಗಜ ಹೋಗಲಿ, ಸ್ವಂತ ಹೊಲದ ಬದುವಿಗೂ ಗುರಿ ಸಿಗುವುದಿಲ್ಲ. ಕಣ್ಣನ್ನು ಬಂದೂಕಿಗೆ ಹಿಡಿದಿಡುವುದು ಒಂದು ತಿರುಪು. ಅದರ ಸುರುಳಿ ಗೆರೆಗಳು ಹಳೆಯ ಇಂಗ್ಲಿಷ್ ಅಳತೆಯವು. ರಾಜೇಸಾಬ ತನ್ನ ಡಬ್ಬಿಯಲ್ಲಿದ್ದ ತಿರುಪುಗಳನ್ನೆಲ್ಲ ಹಾಕಿ ನೋಡಿದ್ದ, ಒಂದೂ ಕೂತಿರಲಿಲ್ಲ.

ಪಂದ್ಯದ ಹಿಂದಿನ ದಿನ ನಮ್ಮವರು ಕಣ್ಣನ್ನೂ ತಿರುಪನ್ನೂ ಬಿಚ್ಚಿ, ಎಣ್ಣೆ ಹಚ್ಚಿ, ಆಶೀರ್ವಾದವಿರಲೆಂದು ದೇವರ ಜಗಲಿಯ ಮೇಲೆ ತಟ್ಟೆಯಲ್ಲಿಟ್ಟು ಕ್ಷೌರಕ್ಕೆ ಹೋದರು. ಜಗಲಿಯ ಮೇಲೆ ಕಪ್ಪಗಿನ ವಸ್ತು ಇದ್ದರೆ ಅತ್ತೆ ಸುಮ್ಮನಿರುವವಳೇ? ಮಹಾನವಮಿಗೊಮ್ಮೆ ಅದನ್ನು ಆಕೆ ಬೆಳಗುತ್ತಲೇ ಬಂದಿದ್ದಳು, ಅಂಕಿಗಳು ಆಗಲೇ ಮಸುಕಾಗಿದ್ದವು. ಅವತ್ತು ಮಗನ ಪಂದ್ಯವೆಂದು ಹುಣಸೆಹಣ್ಣು, ಬೂದಿ ಸಾಲದೆ ಇಟ್ಟಂಗಿ ಪುಡಿಯನ್ನೂ ಹಾಕಿ, ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ, ನೀರಲ್ಲಿ ಅದ್ದಿ, ಸೆರಗಿನಿಂದ ಒರೆಸಿ ಇಟ್ಟಳು.

"ದೇವರ ಮುಂದ ಕಿಲುಬು ಇಡತಾರೇನೋ? ಬೆಳ್ಳಿ ಆಗೇತಿ ನೋಡು," ಎಂದು ಮಗನ ಕೈಗೆ ಕೊಟ್ಟಳು.

ಬೆಳ್ಳಿಯೇ ಆಗಿತ್ತು. ಒಂದು ಗೆರೆಯಿಲ್ಲ, ಒಂದು ಅಂಕಿಯಿಲ್ಲ, ಮಗುವಿನ ಕೆನ್ನೆಯ ಹಾಗೆ ನುಣ್ಣಗೆ. ತಿರುಪು ಬೂದಿಯ ಜೊತೆ ತಿಪ್ಪೆಗೆ ಹೋಗಿತ್ತು. ನಮ್ಮವರು ಕಂಬಕ್ಕೆ ಒರಗಿ ಹಾಗೇ ಜಾರಿ ಕೂತರು. ತಾಯಿ ಕಣ್ಣನ್ನು ತಿಕ್ಕುತ್ತಿರುವ ಸುದ್ದಿ ಕೇಳಿ ಅರ್ಧ ಗಡ್ಡ ಬೋಳಿಸಿದ ಮುಖದಲ್ಲೇ ಎದ್ದು ಬಂದಿದ್ದ ಆ ಮನುಷ್ಯನನ್ನು ನೋಡಿ ನನಗೆ ಅಯ್ಯೋ ಎನಿಸಿತು. ಇಡೀ ಮಧ್ಯಾಹ್ನ ನಾವು ಅಕ್ಕಿ ಸೋಸುವ ಜರಡಿ ಹಿಡಿದು ತಿಪ್ಪೆಯನ್ನು ಸೋಸಿದೆವು. ಅತ್ತೆ ಹೊಸ ಮದುವಣಗಿತ್ತಿಯಾಗಿದ್ದಾಗ ಕಳೆದುಕೊಂಡ ಕಾಲುಂಗುರ ಸಿಕ್ಕಿತು, ತಿರುಪು ಸಿಗಲಿಲ್ಲ. ಒಟ್ಟಿನಲ್ಲಿ ಲಾಭವೇ ಆಯಿತೆಂದು ಅತ್ತೆ ಹೇಳಿದಳು.

ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಕಣ್ಣಿಲ್ಲದ ಬಂದೂಕಿಗೆ ಪಂದ್ಯವೆಲ್ಲಿಯದು, ಸರೋಜಾ ಉಳಿದಳು ಎಂದುಕೊಂಡೆ. ಮಾರನೆಯ ಬೆಳಗ್ಗೆ ಹಿರೇಕೆರೂರಿನಿಂದ ಟೆಂಪೋ ಮಾಡಿಕೊಂಡು ಬಂದ ಉಳಿವೆಪ್ಪನವರು ಆ ನುಣ್ಣನೆಯ ಕಣ್ಣನ್ನು ತಿರುಗಿಸಿ ಮುರುಗಿಸಿ ನೋಡಿದರು. ಪಂದ್ಯ ಬಿಟ್ಟುಬಿಡೋಣ ಎನ್ನುತ್ತಾರೆಂದು ಕಾದೆ.

"ಕುರುಡನ ಜೋಡಿ ಕುಸ್ತಿ ಹಿಡದು ಗೆದ್ದೇನಿ ಅಂತ ನಾ ಊರಾಗ ಹೆಂಗ ಹೇಳ್ಲಿ? ನನ್ನ ಕಣ್ಣ ಇಬ್ಬರೂ ಹಚ್ಚೂಣ್ರಿ. ಜೋಡಿ ಬಂದೂಕಲ್ಲೇನು, ಎರಡಕ್ಕೂ ಕೂಡತೈತಿ," ಎಂದರು ಉಳಿವೆಪ್ಪನವರು.

ಒಳ್ಳೆಯ ಮನುಷ್ಯರ ಮೇಲೆ ಸಿಟ್ಟು ಬರುವುದು ಇಂಥ ಹೊತ್ತಿನಲ್ಲೇ. ನಮ್ಮವರು ಅವರ ಕೈ ಹಿಡಿದುಕೊಂಡು ಕಣ್ಣೀರು ಹಾಕಿದರು. ಹೊಡೆದ ಮೇಲೆ ಕಣ್ಣು ಬಿಚ್ಚಿ ಇನ್ನೊಂದಕ್ಕೆ ಹಾಕಬೇಕಲ್ಲ, ಆ ಅವಸರಕ್ಕೆ ಗಂಡಸರ ಬೆರಳು ಒದಗುವುದಿಲ್ಲ. ಮೂಗುತಿಯ ತಿರುಪು ಹಾಕಿ ತೆಗೆದು ಅಭ್ಯಾಸವಿದ್ದವರು ಹೆಂಗಸರೇ ಎಂದು ಆ ಕೆಲಸ ನಮಗೆ ಬಂತು. ಕಣ್ಣು ನನ್ನ ಕೈಗೆ, ತಿರುಪು ಸರೋಜಾಳ ಕೈಗೆ.

ಗದ್ದೆಗೆ ಹೋಗಿ ನೋಡಿದರೆ ಊರಿಗೆ ಊರೇ ಅಲ್ಲಿತ್ತು. ಸವಣೂರಿನ ಖಾರ ಮಾರುವವನು ಬುಟ್ಟಿ ಇಳಿಸಿದ್ದ, ಮಿರ್ಚಿ ಕರಿಯುವವಳು ಒಲೆ ಹೂಡಿದ್ದಳು. ಗಂಡಸರು ಹುಡುಗರು ಮುದುಕರೆನ್ನದೆ ಗದ್ದೆಯ ತುಂಬ ಅಂಗಾತ ಮಲಗಿ, ಪಾದದ ಮೇಲೆ ಕಬ್ಬಿನ ಜಲ್ಲೆ ಇಟ್ಟು, ಒಂದು ಕಣ್ಣು ಮುಚ್ಚಿ ಆಕಾಶಕ್ಕೆ ಗುರಿ ಹಿಡಿದಿದ್ದರು. ದೂರದ ದಿಬ್ಬದ ಬುಡದಲ್ಲಿ ನಮ್ಮ ಕೊಟ್ಟಿಗೆಯ ಎರಡು ಬಾಗಿಲುಗಳಿಗೆ ಸುಣ್ಣ ಬಳಿದು, ನಡುವೆ ಹಂಚಿನ ಮಸಿಯಿಂದ ದುಂಡಗೆ ಬಳಿದು ನಿಲ್ಲಿಸಿದ್ದರು. ಅದರ ಪಕ್ಕದ ಕಲ್ಲಿನ ಗೋಡೆಯ ಮರೆಯಲ್ಲಿ ರಾಜೇಸಾಬ. ತಾಗಿದರೆ ಅವನ ಹೆಂಡತಿ ಹಮೀದುನ್ನೀಸಾಳ ಹಸಿರು ದುಪಟ್ಟಾ ಬೀಸಬೇಕು, ತಪ್ಪಿದರೆ ಖಾಲಿ ಗೋಣಿಚೀಲ.

ನಮ್ಮವರು ಮೊದಲು ಹೊಡೆದರು. ಢಮ್ ಎಂದಿತು, ಹತ್ತಿಯ ಮೂಟೆಯಂಥ ಹೊಗೆ ಎದ್ದಿತು, ನನ್ನ ಬೆಣ್ಣೆ ಸುಟ್ಟ ಘಮಲು ಗದ್ದೆಯ ತುಂಬ ಹಬ್ಬಿತು. ಅಷ್ಟು ದೂರಕ್ಕೆ ಗುಂಡು ಹೋಗಿ ಮುಟ್ಟಲು ನಿಧಾನವಾಗಿ ಒಮ್ಮೆ ಉಸಿರೆಳೆದುಕೊಳ್ಳುವಷ್ಟು ಹೊತ್ತು ಬೇಕು. ಊರೆಲ್ಲ ಆ ಉಸಿರನ್ನು ಒಟ್ಟಿಗೆ ಎಳೆದುಕೊಂಡಿತು. ಹಸಿರು ದುಪಟ್ಟಾ ಎದ್ದಿತು. ಆಮೇಲೆ ಹೋ ಎಂದು ಎದ್ದ ಕೂಗಿಗೆ ಕೊಕ್ಕರೆಗಳು ಕೆರೆ ಬಿಟ್ಟು ಹಾರಿದವು. ನಾನೂ ಸರೋಜಾಳೂ ಓಡಿ ಹೋಗಿ ತಿರುಪು ಬಿಚ್ಚಿ, ಕಣ್ಣು ತೆಗೆದು, ಉಳಿವೆಪ್ಪನವರ ಬಂದೂಕಿಗೆ ಹಾಕಿದೆವು. ಅವರೂ ಹೊಡೆದರು, ಅದೂ ತಾಗಿತು. ಮತ್ತೆ ಓಡಿದೆವು. ಒಮ್ಮೆ ಇಬ್ಬರದೂ ತಾಗಿತು, ಒಮ್ಮೆ ಇಬ್ಬರದೂ ತಪ್ಪಿತು, ಒಮ್ಮೆ ರಾಜೇಸಾಬ ಸಂಭ್ರಮದಲ್ಲಿ ದುಪಟ್ಟಾ, ಚೀಲ ಎರಡನ್ನೂ ಬೀಸಿ ಬೈಸಿಕೊಂಡ. ಬಿಸಿಲು ಏರಿತು, ಮಿರ್ಚಿ ಖಾಲಿಯಾಗಿ ಮತ್ತೆ ಹಿಟ್ಟು ಕಲಸಿದರು. ಎರಡು ಬಂದೂಕುಗಳ ನಡುವೆ ಓಡಿ ಓಡಿ ನನಗೆ ತಲೆ ಗಿರ್ರೆನ್ನುತ್ತಿತ್ತು. ಸೀರೆಯ ನಿರಿಗೆ ಬಿಚ್ಚಿದ್ದು ಗೊತ್ತಿಲ್ಲ, ಯಾರ ಗುಂಡು ತಾಗಿದರೂ ಕುಣಿಯುತ್ತಿದ್ದೆ. ಯಾವುದರ ಮೇಲೆ ಪಂದ್ಯವೆಂಬುದೇ ನನಗೆ ಮರೆತುಹೋಗಿತ್ತು. ಅಷ್ಟು ಖುಷಿ ನಾನು ನನ್ನ ಮದುವೆಯಲ್ಲೂ ಪಟ್ಟಿರಲಿಲ್ಲ.

ಆಗ ನಮ್ಮವರದು ಇನ್ನೊಮ್ಮೆ ತಾಗಿತು. ಉಳಿವೆಪ್ಪನವರು ಮಲಗಿ, ಉಸಿರು ಹಿಡಿದು, ಬೆರಳನ್ನು ಕುದುರೆಗೆ ತಂದರು. ಕೊಡೆಯ ಕೆಳಗೆ ಕೂತಿದ್ದ ನಮ್ಮತ್ತೆ ಅದೇ ಹೊತ್ತಿಗೆ ನಶ್ಯ ಏರಿಸಿ ಒಂದು ಸೀನು ಸೀನಿದಳು. ಒಂದೇ ಒಂದು. ಇನ್ನೊಂದು ಬಂದಿದ್ದರೆ ಬಾಧೆಯಿರಲಿಲ್ಲ. ಒಂಟಿ ಸೀನು ಬಿದ್ದ ಮೇಲೆ ನಮ್ಮ ಕಡೆ ಯಾರೂ ಕೈ ಹಾಕಿದ ಕೆಲಸ ಮುಂದುವರಿಸುವುದಿಲ್ಲ. ಉಳಿವೆಪ್ಪನವರು ಬಂದೂಕು ಇಳಿಸಿ ಎದ್ದು ಕೂತರು. ಊರವರೆಲ್ಲ ಅತ್ತೆಯ ಮೂಗನ್ನೇ ನೋಡಿದರು. ಆಕೆ ಎಷ್ಟು ಪ್ರಯತ್ನಪಟ್ಟರೂ ಎರಡನೆಯದು ಬರಲಿಲ್ಲ. ಉಳಿವೆಪ್ಪನವರು ಬಾಯಿ ಮುಕ್ಕಳಿಸಿ, ಶಿವ ಶಿವ ಎಂದು ಮತ್ತೆ ಮಲಗುವಷ್ಟರಲ್ಲಿ ಪಡುವಣ ಗಾಳಿ ತಿರುಗಿತ್ತು. ಹೊಡೆದರು. ಗೋಣಿಚೀಲ ಎದ್ದಿತು.

ನಾನೂ ಸರೋಜಾಳೂ ಅಭ್ಯಾಸಬಲದಿಂದ ಕಣ್ಣು, ತಿರುಪು ಬಿಚ್ಚಿಕೊಂಡೆವು, ಆದರೆ ಓಡಲು ಇನ್ನೊಂದು ಕಡೆ ಇರಲಿಲ್ಲ. ಉಳಿವೆಪ್ಪನವರು ಬಂದೂಕನ್ನು ಪಂಚೆಯಿಂದ ಒರೆಸಿ ತಂದು ನಮ್ಮವರ ತೊಡೆಯ ಮೇಲೆ ಇಟ್ಟರು.

"ತೊಗೊಳ್ರಿ. ಮಾತಂದ್ರ ಮಾತ."

"ಕಣ್ಣ ನಿಮ್ಮದು, ಸೀನು ನಮ್ಮವ್ವಂದು. ಇದರಾಗ ನಾ ಗೆದ್ದದ್ದು ಯಾವುದ್ರಿ?" ಎಂದು ನಮ್ಮವರು ಅದನ್ನು ತಿರುಗಿ ಅವರ ತೊಡೆಯ ಮೇಲೆ ಇಟ್ಟರು.

ಇಷ್ಟು ವರ್ಷ ಕೊಡುವುದಿಲ್ಲ ಎಂದು ಹಟ ಹಿಡಿದವರು ಈಗ ತಗೊಳ್ಳುವುದಿಲ್ಲ ಎಂದು ಹಟ ಹಿಡಿದರು. ಗದ್ದೆಯಿಂದ ಮನೆಯ ತನಕ ಬಂದೂಕು ಅವರ ಕೈಯಿಂದ ಇವರ ಕೈಗೆ, ಇವರ ಕೈಯಿಂದ ಅವರ ಕೈಗೆ ಬಂತು. ಮೊದಮೊದಲು ಮರ್ಯಾದೆಯ ಮಾತಿತ್ತು, ಆಮೇಲೆ ದನಿ ಏರಿತು, ಕಡೆಗೆ ನಾನೇನು ಭಿಕ್ಷೆ ಬೇಡಲು ಬಂದಿದ್ದೇನೆಯೇ ಎಂಬಲ್ಲಿಗೆ ಹೋಯಿತು. ಉಳಿವೆಪ್ಪನವರು ಬಂದೂಕನ್ನು ನಮ್ಮ ಪಡಸಾಲೆಯಲ್ಲಿ ಒರಗಿಸಿ, ಊಟವೂ ಬೇಡ ಎಂದು ಟೆಂಪೋ ಕಡೆ ನಡೆದು, ಹೆಂಡತಿಯನ್ನು ಕೂಗಿದರು. ಸರೋಜಾ ನನ್ನ ಕೈ ಹಿಡಿದುಕೊಂಡು ನಿಂತಿದ್ದಳು, ಬಿಡಲಿಲ್ಲ. ನನಗೆ ಅಳು ಬಂತು. ಮುಗಿಯಿತು, ಇನ್ನು ಈಕೆ ನನ್ನ ಅಡಿಗೆಮನೆಗೆ ಬರುವುದಿಲ್ಲ ಎಂದು ದುಃಖ ಒತ್ತರಿಸಿಕೊಂಡು ಬಂತು.

ಆದರೆ ಮುತ್ತೈದೆಯನ್ನು ಉಡಿ ತುಂಬದೆ ಕಳಿಸುವುದುಂಟೇ? ಗಂಡನಿಗೆ ಎಷ್ಟೇ ಸಿಟ್ಟಿದ್ದರೂ ಅಷ್ಟು ಹೊತ್ತು ನಿಲ್ಲಲೇಬೇಕು. ಸರೋಜಾಳನ್ನು ಮಣೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂಡಿಸಿದೆ. ಅರಿಷಿಣ ಕುಂಕುಮ ಹಚ್ಚಿದೆ. ಅವಳು ಸೆರಗು ಹಿಡಿದಳು. ಅಕ್ಕಿ ಹಾಕಿದೆ, ತೆಂಗಿನಕಾಯಿ, ಕುಬಸದ ಖಣ, ಸವಣೂರಿನ ಎಲೆ, ಅಡಿಕೆ ಇಟ್ಟೆ. ಬಟ್ಟೆಯ ತುಂಡಿನಲ್ಲಿ ಸುತ್ತಿದ ಕಣ್ಣನ್ನೂ ಇಟ್ಟೆ. ಆಮೇಲೆ ಎದ್ದು ಹೋಗಿ ಪಡಸಾಲೆಯಲ್ಲಿ ಒರಗಿಸಿದ್ದ ಬಂದೂಕನ್ನು ಎರಡೂ ಕೈಯಲ್ಲಿ ಎತ್ತಿ ತಂದು ಅವಳ ಉಡಿಯ ಮೇಲೆ ಅಡ್ಡ ಮಲಗಿಸಿದೆ. ಆ ಕಡೆ ಒಂದು ಮೊಳ, ಈ ಕಡೆ ಒಂದು ಮೊಳ ಚಾಚಿಕೊಂಡಿತು.

ಉಡಿಗೆ ಬಿದ್ದದ್ದನ್ನು ನಮ್ಮಲ್ಲಿ ಬೇಡ ಅನ್ನುವಂತಿಲ್ಲ, ತಿರುಗಿ ಕೊಡುವಂತಿಲ್ಲ. ಹೆಂಡತಿ ಅನ್ನುವಂತಿಲ್ಲ, ಗಂಡನಂತೂ ಬಾಯಿಯೇ ಹಾಕುವಂತಿಲ್ಲ. ಹೆಂಡತಿಯನ್ನು ಕರೆಯಲು ತಿರುಗಿ ಬಂದ ಉಳಿವೆಪ್ಪನವರು ಬಾಗಿಲಲ್ಲೇ ನಿಂತರು. ಅತ್ತೆ ಮೂಗು ಒರೆಸಿಕೊಂಡು ತೀರ್ಪು ಕೊಟ್ಟಳು.

"ಉಡಿಗೆ ಬಿದ್ದದ್ದು ಬಿತ್ತು. ಎತಗೊಂಡು ನಡೀರಿ."

ನಮ್ಮವರು ನನ್ನನ್ನೇ ನೋಡುತ್ತಿದ್ದರು. ಇಷ್ಟು ವರ್ಷ ಕಂಡ ಕನಸನ್ನು ಇನ್ನೊಬ್ಬಳ ಸೆರಗಿಗೆ ಹಾಕಿದ್ದೇನೆ, ಬೈಸಿಕೊಳ್ಳುವುದೇ ಸೈ ಎಂದುಕೊಂಡೆ. ಅವರು ನಕ್ಕುಬಿಟ್ಟರು. ಮೊದಲು ಸಣ್ಣಗೆ, ಆಮೇಲೆ ಗೋಡೆ ಹಿಡಿದುಕೊಂಡು. ಹೊರಗೆ ಉಳಿವೆಪ್ಪನವರಿಗೂ ನಗು ತಡೆಯಲಾಗಲಿಲ್ಲ. ಆದರೂ ಗತ್ತು ಬಿಡದೆ, ಊಟ ಮಾಡದೆಯೇ ಹೋದರು.

ಉಡಿಗೆ ಹಾಕಿದ ಕಣ್ಣು ಯಾವುದೆಂದು ನೀವು ಕೇಳಬೇಕಿತ್ತು. ಅದು ನಮ್ಮತ್ತೆ ತಿಕ್ಕಿದ ನುಣ್ಣನೆಯ ಕಣ್ಣು. ಅಂಕಿಯಿದ್ದ ಕಣ್ಣು ನನ್ನ ಸೊಂಟದಲ್ಲಿತ್ತು, ಆಮೇಲೆ ಅಕ್ಕಿ ಡಬ್ಬಿಗೆ ಹೋಯಿತು. ಬಂದೂಕು ಕೊಟ್ಟುಬಿಟ್ಟರೆ ನಂಟು ಉಳಿದೀತು, ಆದರೆ ಬಂದು ಹೋಗುವ ನೆವ? ಕಣ್ಣು ಇಲ್ಲಿದ್ದರೆ ಕಣ್ಣಿನ ಹಿಂದೆ ಮನುಷ್ಯರು ಬರಲೇಬೇಕು. ನನ್ನ ಜಾಣತನಕ್ಕೆ ನಾನೇ ಬೆನ್ನು ಚಪ್ಪರಿಸಿಕೊಂಡೆ.

ಮಾರನೆಯ ದಿನವೇ ಬರುತ್ತಾರೆಂದು ಹೋಳಿಗೆಗೆ ಬೇಳೆ ನೆನೆಸಿದೆ. ಬರಲಿಲ್ಲ. ಮತ್ತೆರಡು ದಿನ ಕಳೆಯಿತು. ಈ ನಡುವೆ ಆಸೆಯಾಗಿ ಆ ಕಣ್ಣನ್ನು ನಮ್ಮ ಬಂದೂಕಿಗೆ ಹಚ್ಚಿ ನೋಡಲು ಹೋದೆ. ಹಿಡಿದಿಡಲು ತಿರುಪು ಎಲ್ಲಿದೆ? ಅದು ಸರೋಜಾಳ ಕೈಯಲ್ಲಿದ್ದದ್ದು, ಗಂಡನಿಗೆ ಕೊಟ್ಟಿರುತ್ತಾಳೆ ಎಂದುಕೊಂಡೆ. ನುಣ್ಣನೆಯ ಕಣ್ಣು ನೋಡಿ ಉಳಿವೆಪ್ಪನವರು ನನ್ನನ್ನು ಕಳ್ಳಿ ಎಂದುಕೊಂಡರೇನೋ, ಸರೋಜಾಳನ್ನು ಬಿಟ್ಟು ಒಬ್ಬರೇ ಬಂದು ಜಗಳ ತೆಗೆದರೇನು ಗತಿ? ಬಸ್ಸಿನ ಹಾರನ್ನು ಕೇಳಿದಾಗಲೆಲ್ಲ ಕಿಟಕಿಗೆ ಓಡುತ್ತಿದ್ದೆ.

ವಾರ ಕಳೆದು ಸೋಮವಾರ ಬಸ್ಸಿನಿಂದ ಮೊದಲು ಇಳಿದವಳು ಸರೋಜಾ. ಹಿಂದೆ ಗೋಣಿಚೀಲದಲ್ಲಿ ಸುತ್ತಿದ ಬಂದೂಕು ಹೊತ್ತ ಉಳಿವೆಪ್ಪನವರು. ನಮ್ಮವರು ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡಿದರು.

"ವೀರವ್ವ, ನಮ್ಮ ಕಣ್ಣ ಇಲ್ಲೇ ಉಳದೈತ್ರಿ," ಎಂದರು ಉಳಿವೆಪ್ಪನವರು, ಮುಖ ಗಂಟು ಹಾಕಿಕೊಂಡು.

"ಹೌದ್ರಿ, ಅಕ್ಕಿ ಡಬ್ಬ್ಯಾಗ ಐತಿ. ಕುಂತ್ರಿ, ಮೊದಲ ಊಟ ಆಗ್ಲಿ," ಎಂದೆ.

ಅವರು ಕೂರಲಿಲ್ಲ. ಕಣ್ಣು ಸಿಕ್ಕರೂ ಪ್ರಯೋಜನವಿಲ್ಲ, ತಿರುಪೂ ಕಳೆದಿದೆ, ಮನೆಯೆಲ್ಲ ಹುಡುಕಿ ವಾರ ಕಳೆಯಿತು, ಅವತ್ತು ನಿಮ್ಮ ಗದ್ದೆಯಲ್ಲೇ ಬಿದ್ದಿರಬೇಕು ಎಂದರು. ನಮ್ಮವರ ಮುಖ ಅರಳಿತು. ಜರಡಿ ತೆಗೆದುಕೊಂಡು ಇಬ್ಬರೂ ಹೆಗಲಿಗೆ ಹೆಗಲು ಹಚ್ಚಿ ಗದ್ದೆಗೆ ಹೋದರು.

ಅಡಿಗೆಮನೆಯಲ್ಲಿ ಸರೋಜಾ ನೆಲಕ್ಕೆ ಕೂತು, ಅತ್ತೆ ಎಲ್ಲಿದ್ದಾಳೆಂದು ಒಮ್ಮೆ ನೋಡಿ, ಸೆರಗಿನ ತುದಿಯ ಗಂಟು ಬಿಚ್ಚಿದಳು. ತಿರುಪು ಅಲ್ಲಿತ್ತು.

"ನೀ ಕಣ್ಣ ಇಟಗೊಂತಿ ಅಂತ ನನಗೇನ ಗೊತ್ತು? ನಾ ಅವತ್ತ ಇದನ್ನ ಗಂಟ ಹಾಕಿದ್ದೆ," ಎಂದಳು.

ಅವಳನ್ನು ತಬ್ಬಿಕೊಂಡೆ, ಆಮೇಲೆ ಇಬ್ಬರೂ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕೆವು. ಕಿಟಕಿಯಲ್ಲಿ ನೋಡಿದರೆ ಸಾವಿರ ಗಜದ ಬಯಲಿನಲ್ಲಿ ನಮ್ಮ ಗಂಡಂದಿರು ಮಂಡಿಯೂರಿ, ಏನೋ ಜೋರಾಗಿ ವಾದಿಸುತ್ತ, ಕೂಳೆಯ ಬುಡ ಬುಡ ಸೋಸುತ್ತಿದ್ದರು.

"ಕರೆದು ಕೊಡೂಣೇನು?" ಎಂದು ಕೇಳಿದೆ.

"ಹೋಳಿಗಿ ಆಗ್ಲಿ ತಡಿ," ಎಂದು ಸರೋಜಾ ತಿರುಪನ್ನು ಮತ್ತೆ ಸೆರಗಿಗೆ ಗಂಟು ಹಾಕಿದಳು.